ಮಾಕಳಿ ದೇವಿಯ ರಾಜೀನಾಮೆ

ಮಾಕಳಿ
ಶನಿವಾರ, ೧೪ ಜೂನ್ ೨೦೨೫

ಮಾಕಳಿಯ ಸಮಸ್ತ ಭಕ್ತಮಹಾಶಯರೇ, ನಿಂಬೆಹಣ್ಣು ಹಿಡಿದು ಸಾಲಾಗಿ ನಿಂತಿರುವ ಮಾತೆಯರೇ, ಸೈಟಿನ ತಕರಾರು, ಬೋರ್‌ವೆಲ್ಲಿನ ಬರ, ಬಾಡಿಗೆದಾರರ ಕಾಟ ಎಂದು ತರಾವರಿ ಅಹವಾಲು ತಂದಿರುವ ಮಹನೀಯರೇ,

ಕಳೆದ ಆಯುಧಪೂಜೆಯಿಂದ ನಿಮ್ಮೆಲ್ಲರ ಕೋರಿಕೆಗೆ ಕಿವಿಗೊಡುತ್ತ ಬಂದ, ತುಮಕೂರು ರಸ್ತೆಯ ಎಡಬದಿಗೆ, ಕಬ್ಬಿಣಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್ ಶೆಡ್ಡಿನ ಹಿಂದಿನ ಮನೆಯಲ್ಲಿ ನೆಲೆಸಿರುವ ಶ್ರೀ ವನಜಾಂಬಾ ದೇವಿಯವರು ಈ ಮೂಲಕ ತಮ್ಮ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದಾರೆ. ಕಾರಣ ವೈಯಕ್ತಿಕ, ಅದಕ್ಕಿಂತ ಹೆಚ್ಚಾಗಿ ವೈದ್ಯಕೀಯ. ಇನ್ನು ಮುಂದೆ ಮಂಗಳವಾರ ಶುಕ್ರವಾರ ದರ್ಶನವಿಲ್ಲ, ಪ್ರಸಾದವಿಲ್ಲ, ಜಾಗಟೆಯಂತೂ ಬೇಡವೇ ಬೇಡ.

ಸಭೆಯಲ್ಲಿ ಕೂತಿರುವವಳು ನೀನೊಬ್ಬಳೇ ಎಂದು ಗೊತ್ತು, ಕೃಪಾ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು ನಾನು, ಪೀಠಿಕೆಯಿಲ್ಲದೆ ವಿಷಯಕ್ಕೆ ಬಂದು ಅಭ್ಯಾಸವಿಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಮನೆ ಬಿಟ್ಟು ವೈಟ್‌ಫೀಲ್ಡಿನ ಪಿಜಿ ಸೇರಿದ ಮೇಲೆ ಅಲ್ಲಿ ನಾನು ಏನು ಬರೆದರೂ ಎರಡು ನೀಲಿ ಗೀಟು ಎಳೆದು ಸುಮ್ಮನಾಗುತ್ತೀಯ. ಅಪ್ಪನಿಗೆ ಫೋನ್ ಮಾಡಿ “ಎಲ್ಲ ಆರಾಮಾ?” ಎಂದು ಕೇಳುವಾಗ ಆ “ಎಲ್ಲ”ದೊಳಗೆ ನಾನೂ ಒಂದು ಮೂಲೆಯಲ್ಲಿದ್ದೇನೆ ಎಂದು ನಂಬಿಕೊಂಡಿದ್ದೇನೆ. ಕಾಗದದಲ್ಲಿ ನೀಲಿ ಗೀಟು ಬೀಳುವುದಿಲ್ಲ. ಓದಿದೆಯೋ ಹರಿದೆಯೋ ನನಗೆ ತಿಳಿಯುವುದಿಲ್ಲ. ಅಷ್ಟು ಸಮಾಧಾನ ನನಗಿರಲಿ.

ಸೋಮವಾರ ನಾನು ಆಸ್ಪತ್ರೆಗೆ ಸೇರುತ್ತಿದ್ದೇನೆ. ಗಾಬರಿ ಬೇಡ, ಪೂರ್ತಿ ಓದು. ಸೇರುವ ಮುಂಚೆ ನಿನಗೊಂದು ವಿಷಯ ತಿಳಿದಿರಬೇಕು. ನನ್ನ ಮೈಮೇಲೆ ಬರುತ್ತಿದ್ದದ್ದು ಅಜ್ಜಿ ಹೇಳಿದಂತೆ ದೇವಿಯೂ ಅಲ್ಲ, ನೀನು ಹೇಳಿದಂತೆ ನಾಟಕವೂ ಅಲ್ಲ. ಊರು ಇದನ್ನು ನಂಬುತ್ತದೋ ಬಿಡುತ್ತದೋ ನನಗೆ ಚಿಂತೆಯಿಲ್ಲ. ನೀನು ನಂಬಬೇಕು. ಅಷ್ಟಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದು ಆಯುಧಪೂಜೆಯ ದಿನ ಶುರುವಾದದ್ದಲ್ಲ. ಅದಕ್ಕೂ ಎಷ್ಟೋ ಮೊದಲೇ ಸೊಂಟ ಬಿಗಿಯುತ್ತಿತ್ತು. ಬೆಳಗ್ಗೆ ಎದ್ದರೆ ಬೆನ್ನಿಗೆ ಯಾರೋ ಹಲಗೆ ಕಟ್ಟಿ ಹೋದಂತೆ. ರಂಗೋಲಿ ಹಾಕಲು ಹೋದರೆ ಬಗ್ಗುತ್ತಿದ್ದದ್ದು ಕತ್ತು ಮಾತ್ರ. ನಿಮ್ಮಜ್ಜಿ ಬಾಡಿಗೆ ಮನೆಯ ಹೆಂಗಸರನ್ನೆಲ್ಲ ಕರೆದು, “ಕೆಲ್ಸ ಕಂಡ್ರೆ ಸಾಕು, ಎಂಗ್ ಸೆಟ್ಕೊತಾಳೆ ನೋಡ್ರಮ್ಮ ನಮ್ ಸೊಸೆ” ಎಂದು ತೋರಿಸುತ್ತಿದ್ದರು. ಈಗ ಯೋಚಿಸಿದರೆ ಕಾಯಿಲೆಯನ್ನು ಮೊದಲು ಗುರುತಿಸಿದ ಕೀರ್ತಿ ಅವರಿಗೇ ಸಲ್ಲಬೇಕು. ಲಕ್ಷಣ ಸರಿಯಾಗಿಯೇ ಹೇಳಿದ್ದರು, ಕಾರಣವೊಂದು ತಪ್ಪಿತ್ತು.

ಉಳುಕು ತೆಗೆಯುವ ಲಕ್ಷ್ಮಣಪ್ಪ ಎಣ್ಣೆ ಹಾಕಿ ತಿಕ್ಕಿದ, ತಿಕ್ಕಿದಷ್ಟೂ ಬಿಗಿಯಿತು. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಮೂಳೆ ಬಂಗಾರದಂತಿದೆ ಎಂದು ಹೊಗಳಿ ಕಳಿಸಿದರು. ಮತ್ತೊಬ್ಬರು “ಟೆನ್ಷನ್ ಕಮ್ಮಿ ಮಾಡ್ಕೊಳಿ ಮೇಡಂ” ಎಂದು ವಿಟಮಿನ್ ಮಾತ್ರೆ ಬರೆದರು. ಅಷ್ಟರಲ್ಲಿ ರಸ್ತೆಯ ಕಾಟ ಶುರುವಾಯಿತು. ಕಾಂಪೌಂಡು ಹಿಡಿದುಕೊಂಡು ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದೆ. ಕಾಂಪೌಂಡು ಮುಗಿದು ಬಯಲು ಬಂದರೆ ಕಾಲು ಏಳುತ್ತಿರಲಿಲ್ಲ. ಸರ್ವೀಸ್ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆದರೆ ನಿಂತಲ್ಲೇ ನೆಟ್ಟ ಕಲ್ಲು. ಯಾರಾದರೂ ಒಂದು ಬೆರಳು ಕೊಟ್ಟರೆ ಸಾಕು, ದಾಟಿಬಿಡುತ್ತಿದ್ದೆ. ಒಂದು ಬೆರಳು ನನ್ನನ್ನೇನು ಎತ್ತುವುದಿಲ್ಲ, ಆದರೂ ಬೇಕಿತ್ತು. ಸೊಪ್ಪಿನ ಅಂಗಡಿಯ ಹತ್ತಿರ ನಿನ್ನ ವೇಲ್ ಹಿಡಿದುಕೊಂಡಿದ್ದಕ್ಕೆ “ಬಿಡಮ್ಮ, ಚಿಕ್ ಮಗು ಥರ ಆಡ್ಬೇಡ” ಎಂದು ಕೊಡವಿಕೊಂಡಿದ್ದೆ. ನಿನ್ನ ಮೇಲೆ ದೂರಲ್ಲ ಇದು. ಯಾಕೆ ಹಿಡಿದೆ ಎಂದು ನನಗೇ ತಿಳಿಯದಿದ್ದಾಗ ನಿನಗೆ ಹೇಗೆ ತಿಳಿಯಬೇಕು?

ಇನ್ನು ದೇವಿಯ ಅವತಾರದ ಪ್ರಸಂಗ. ನೀನು ಅವತ್ತು ಇರಲಿಲ್ಲ, ಮೈಸೂರಿಗೆ ಹೋಗಿದ್ದೆ.

ನಮ್ಮ ಜಾಗದಲ್ಲಿ ಶೆಡ್ ಹಾಕಿಕೊಂಡಿರುವ ಕೃಷ್ಣಸ್ವಾಮಿಯವರು ಪ್ರತಿ ಆಯುಧಪೂಜೆಗೂ, ಜಾಗದವರು ಎಂದು, ಮನೆಮಂದಿಯನ್ನೆಲ್ಲ ಕರೆಯುತ್ತಾರಲ್ಲ. ಓವನ್ನಿಗೆ ಹಾರ, ಕಂಪ್ರೆಸರಿಗೆ ವಿಭೂತಿ, ಸ್ಪ್ರೇ ಗನ್ನಿಗೆ ಕುಂಕುಮ ಎಲ್ಲ ಆಯಿತು. ಕೊನೆಗೆ ಗೇಟಿನ ಮುಂದೆ ಬೂದುಗುಂಬಳ. ಒಳಗೆ ಕುಂಕುಮ ತುಂಬಿ, ದೃಷ್ಟಿ ನಿವಾಳಿಸಿ, ಸರಿಯಾಗಿ ನನ್ನ ಪಕ್ಕದಲ್ಲೇ ಧಡ್ಡನೆ ಕುಕ್ಕಿದರು. ಅದೇ ಹೊತ್ತಿಗೆ ತಮಟೆಯವರೂ ಶುರು ಮಾಡಿದರು. ಸೆರಗು ಸರಿಮಾಡಿಕೊಳ್ಳಲು ಎತ್ತಿದ್ದ ಕೈ ಎತ್ತಿದ ಹಾಗೇ ನಿಂತಿತು. ಕಣ್ಣು ತೆರೆದದ್ದು ತೆರೆದ ಹಾಗೇ, ಹಲ್ಲು ಕಚ್ಚಿದ್ದು ಕಚ್ಚಿದ ಹಾಗೇ. ನವರಾತ್ರಿಯ ನವಮಿಯ ದಿನ, ಮುಖದ ತುಂಬ ಕುಂಕುಮದ ನೀರು ಸಿಡಿದ ಹೆಂಗಸೊಬ್ಬಳು ಕೈಯೆತ್ತಿ ಕೆಕ್ಕರಿಸಿ ನಿಂತರೆ ಜನ ಇನ್ನೇನು ತಿಳಿಯಬೇಕು? ಅವರ ಜಾಗದಲ್ಲಿದ್ದಿದ್ದರೆ ನಾನೂ ಅಡ್ಡಬೀಳುತ್ತಿದ್ದೆ.

ಶೆಡ್ ಗುಡಿಸುವ ಚನ್ನಕ್ಕ ಪೊರಕೆ ಬಿಸಾಡಿ ಕಾಲಿಗೆ ಬಿದ್ದಳು: “ಅವ್ವಾ ತಾಯೀ, ಯಾಕವ್ವಾ ಇಷ್ಟ್ ಸಿಟ್ಟು? ಏನ್ ತಪ್ಪಾಯ್ತು ನಮ್ಮಿಂದ?” ನಿಮ್ಮಜ್ಜಿ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿದರು. ಮರುಗಳಿಗೆಗೆ, “ಅಂಗೇ ನಿಂತ್ಕಳ್ರೋ ಎಲ್ಲಾ! ನಮ್ಮನೆ ಸೊಸೆ ಮೇಲೆ ಅಮ್ಮ ಬಂದವ್ಳೆ!” ಎಂದು ಕೂಗು ಹಾಕಿದರು. ಆ ಕೂಗಿಗೆ ನನಗೆ ಇನ್ನೊಂದು ಸೆಳೆತ ಬಂತು. ಜನ ಅದನ್ನು ಅಮ್ಮನ ಒಪ್ಪಿಗೆ ಎಂದುಕೊಂಡರು.

ಆಮೇಲಿನದು ನಿನಗೆ ಗೊತ್ತು. ಹಜಾರದಲ್ಲಿ ಕುರ್ಚಿ, ಕುರ್ಚಿಯ ಮೇಲೆ ರೇಷ್ಮೆ ಟವಲು, ಟವಲಿನ ಮೇಲೆ ನಾನು. ಅಮ್ಮ ಬರುವುದು ತಡವಾದರೆ ಕಿವಿಯ ಪಕ್ಕ ಜಾಗಟೆ ಬಾರಿಸುತ್ತಿದ್ದರು. ಬಾರಿಸಿದರೆ ನಾನು ಸೆಟೆದುಕೊಳ್ಳುತ್ತಿದ್ದೆ. ಸೆಟೆದುಕೊಂಡರೆ ಅಮ್ಮ ಬಂದಳು ಎಂದು ಇನ್ನೂ ಜೋರಾಗಿ ಬಾರಿಸುತ್ತಿದ್ದರು. ಬೇಡವೆನ್ನಲು ಬಾಯಿ ತೆರೆದರೆ ತಾನೆ? ಬಿಗಿತ ಸಡಿಲವಾಗಿ ಮಾತು ಬರುವ ಹೊತ್ತಿಗೆ ಕಾಲ ಬಳಿ ಯಾರೋ ಪ್ರಶ್ನೆ ಹಿಡಿದು ಕೂತಿರುತ್ತಿದ್ದರು. ಬೇಗ ಎದ್ದು ಹೋಗಲಿ ಎಂದು ಬಾಯಿಗೆ ಬಂದ ಪ್ರಾಸ ಹೇಳಿ ಕಳಿಸುತ್ತಿದ್ದೆ. ತಮ್ಮ ಗೋಪಾಲಪ್ಪನ ಮೇಲೆ ಜಮೀನಿನ ಕೇಸು ಹಾಕಿದ್ದ ಆವಲಪ್ಪನಿಗೆ ಹೇಳಿದ್ದು ಇಷ್ಟೇ:

ಅಣ್ಣತಮ್ಮ ಕಾದಾಡಿದರೆ ಮಣ್ಣು ಯಾರದು?
ತೀರ್ಪು ಬರುವ ಹೊತ್ತಿಗೆ ತಲೆಗೆ ಕೂದಲಿರದು.

ಬಕ್ಕತಲೆಯ ಆವಲಪ್ಪ ತಲೆ ಸವರಿಕೊಂಡು ಹೋದವನು ಮುಂದಿನ ವಾರ ತಮ್ಮನನ್ನೇ ಕರೆದುಕೊಂಡು ಬಂದ. ಕೇಸು ವಾಪಸ್. ನನ್ನ ಕೀರ್ತಿ ದಾಸನಪುರದವರೆಗೂ ಹೋಯಿತು.

“ಒಂದಲ್ಲ ಒಂದು ದಿನ ನಿಲ್ಲಿಸಿ ಅಂತ ಹೇಳ್ಬಹುದಿತ್ತಲ್ಲಮ್ಮ” ಎಂದು ನೀನು ಕೇಳುತ್ತೀಯ. ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಸೊಸೆಗೆ ಸೊಂಟ ಹಿಡಿದರೆ ಸೋಗು, ದೇವಿಗೆ ಹಿಡಿದರೆ ಸೇವೆ. “ಏನ್ ಬೇಕು ತಾಯೀ?” ಎಂದು ನನ್ನನ್ನು ಯಾರಾದರೂ ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಕೂರಲು ಕುರ್ಚಿ ಬೇಕಿತ್ತು, ಕೊಟ್ಟರು, ಕೂತೆ. ನಿಮ್ಮಪ್ಪನ ವಿಷಯ ನಿನಗೆ ಗೊತ್ತೇ ಇದೆ. ಶಿವಶಂಕರ್ ಅವರು ಹುಟ್ಟಾ ಪಕ್ಷೇತರರು. ತಾಯಿಯ ಕಡೆಯೂ ಇಲ್ಲ, ಹೆಂಡತಿಯ ಕಡೆಯೂ ಇಲ್ಲ, ಪೀಣ್ಯದ ಕೆಲಸದ ಕಡೆ ಬೇಗ ಹೊರಟುಬಿಡುತ್ತಾರೆ.

ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ನೀನು ಆಫೀಸಿನ ಗೆಳತಿಯರನ್ನು ಅವರೆಕಾಳಿನ ಊಟಕ್ಕೆ ಕರೆತಂದೆ. ಹಜಾರದ ಕುರ್ಚಿಯಲ್ಲಿ ನಾನು ಸೆಟೆದು ಕೂತಿದ್ದೆ. ಬೇಡ, ಆ ದಿನದ್ದೆಲ್ಲ ಬರೆಯುವುದಿಲ್ಲ. ಒಂದು ಮಾತ್ರ ಬರೆಯುತ್ತೇನೆ. ಆಮೇಲೆ ನನ್ನನ್ನು ನೋಡಿದ ಡಾಕ್ಟರು ಹೇಳಿದ್ದು, ಪ್ರಾಸ ನನ್ನದು:

ಮೈಯೆಲ್ಲ ಮರ,
ಬುದ್ಧಿ ಮಾತ್ರ ಎಚ್ಚರ.

ಸೆಳೆತ ಬಂದಾಗ ಜ್ಞಾನ ತಪ್ಪುವುದಿಲ್ಲ, ಕೃಪಾ. ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ಹಾಗಾಗಿ ನೀನು ನನ್ನ ಮುಖದ ಹತ್ತಿರ ಬಗ್ಗಿ “ಸಾಕಮ್ಮ ನಾಟ್ಕ, ಮರ್ಯಾದೆ ತೆಗೀಬೇಡ, ಎದ್ದೇಳು” ಅಂದದ್ದೂ ಕೇಳಿಸಿತು. ಏಳಬೇಕೆಂದು ನಾನು ಪಟ್ಟ ಪಾಡು ಆ ಅಮ್ಮನಿಗೇ ಗೊತ್ತು. ಒಂದು ಕಿರುಬೆರಳಾದರೂ ಅಲ್ಲಾಡಿದ್ದರೆ ನಿನಗೆ ಸನ್ನೆ ಮಾಡುತ್ತಿದ್ದೆ. ಅಲ್ಲಾಡಲಿಲ್ಲ. ನೀನು ಬ್ಯಾಗು ಎಳೆದುಕೊಂಡು ಹೋದ ಸದ್ದೂ ಕೇಳಿತು. ಇರಲಿ, ಮುಂದೆ ಹೋಗೋಣ.

ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಜಾಗಟೆಯ ಏಟಿಗೆ ಕುರ್ಚಿಯಿಂದಲೇ ಮುಂದಕ್ಕೆ ಉರುಳಿದೆ. ಸೆಟೆದ ಮೈ ಕೈ ಚಾಚುವುದಿಲ್ಲ. ಕಡಿದ ಮರದ ಹಾಗೆ ಬೀಳುತ್ತದೆ. ಮುಂಗೈ ಮುರಿಯಿತು. ದೇವಿಯ ಕೈ ಮುರಿದದ್ದು ಹೇಗೆ ಎಂದು ಭಕ್ತರು ಚರ್ಚೆಗೆ ಬಿದ್ದಾಗ, ಪಕ್ಷೇತರರು ಮೊದಲ ಬಾರಿಗೆ ಜೋರಾಗಿ ಮಾತಾಡಿದರು: “ಎಲ್ರೂ ಆಚೆ ನಡೀರಿ. ಕಾರ್ ತೆಗಿತಾ ಇದೀನಿ.” ನಿನಗೆ ಮಾತ್ರ ಹೇಳಬೇಡಿ ಎಂದು ಅವರಿಂದ ಆಣೆ ಹಾಕಿಸಿಕೊಂಡವಳು ನಾನೇ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಕೈಗೆ ಪಟ್ಟಿ ಹಾಕಿದ ಡಾಕ್ಟರೇ ಬೆನ್ನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿ, ನರರೋಗದ ಡಾಕ್ಟರ ಬಳಿಗೆ ಕಳಿಸಿದರು. ಅವರ ಹೆಸರು ಪ್ರಿಯಂವದಾ. ಹೆಸರಿಗೆ ತಕ್ಕ ಮಾತು. ಸಣ್ಣ ಸೂಜಿಯೊಂದನ್ನು ಬೆನ್ನಿನ ಸ್ನಾಯುವಿಗೆ ಚುಚ್ಚಿ “ಆರಾಮಾಗಿ ಬಿಡಿ” ಅಂದರು. ಬಿಟ್ಟೆ ಎಂದೇ ನಾನು ತಿಳಿದಿದ್ದೆ. ಯಂತ್ರ ಮಾತ್ರ ಒಂದೇ ಸಮನೆ ಗರಗರ ಎನ್ನುತ್ತಿತ್ತು. ನಾನು ಸುಮ್ಮನೆ ಮಲಗಿರುವಾಗಲೂ ನನ್ನ ಸ್ನಾಯು ದುಡಿಯುತ್ತಲೇ ಇತ್ತು. ಮನೆಯಲ್ಲಿ ಸೋಮಾರಿ ಎನಿಸಿಕೊಂಡವಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? ಆಮೇಲೆ ರಕ್ತಪರೀಕ್ಷೆಯ ವರದಿ ಬಂತು. ಕಾಯಿಲೆಗೆ ಸ್ಟಿಫ್ ಪರ್ಸನ್ ಸಿಂಡ್ರೋಮ್ ಎನ್ನುತ್ತಾರಂತೆ. ತೀರಾ ಅಪರೂಪ, ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. ಲಾಟರಿ ಒಂದೂ ಹೊಡೆಯದವಳಿಗೆ ಇದು ಹೊಡೆಯಿತು.

ಡಾಕ್ಟರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಮೆದುಳು ಸ್ನಾಯುಗಳಿಗೆ ಎರಡು ಮಾತು ಹೇಳುತ್ತಿರುತ್ತದೆ: ಬಿಗಿಯಾಗು, ಸಡಿಲವಾಗು. ಸಡಿಲವಾಗು ಎಂಬ ಮಾತನ್ನು ಮುಟ್ಟಿಸಲು ಒಂದು ರಾಸಾಯನಿಕ ಬೇಕು. ಮೈಯನ್ನು ಕಾಯಬೇಕಾದ ನನ್ನ ಕಾವಲುಪಡೆಗೆ ಬುದ್ಧಿ ಕೆಟ್ಟು, ಅದು ಆ ರಾಸಾಯನಿಕವನ್ನು ತಯಾರಿಸುವ ಕೆಲಸದವರ ಮೇಲೇ ಬೀಳುತ್ತಿದೆ. ನಮ್ಮ ಬೀದಿನಾಯಿ ಕಳ್ಳನನ್ನು ಬಿಟ್ಟು ಹಾಲಿನವನನ್ನು ಕಚ್ಚುವ ಹಾಗೆ. ಅದಕ್ಕೇ ನನಗೆ ಬಿಗಿಯಾಗು ಎಂಬ ಆಜ್ಞೆ ತಪ್ಪದೆ ಬರುತ್ತದೆ, ಸಡಿಲವಾಗು ಎಂಬುದು ದಾರಿಯಲ್ಲೇ ಕಳೆದುಹೋಗುತ್ತದೆ. ಮೇಲಾಗಿ ಥಟ್ಟನೆ ಸದ್ದಾದರೆ, ಯಾರಾದರೂ ಹಿಂದಿನಿಂದ ಮುಟ್ಟಿದರೆ, ಮನಸ್ಸಿಗೆ ಗಾಬರಿಯಾದರೆ ಸೆಳೆತ. ರಸ್ತೆ ದಾಟಲಾಗದ್ದೂ ಇದರದ್ದೇ ಇನ್ನೊಂದು ಮುಖ. “ನಿಮ್ ಥರಾನೇ ಎಷ್ಟೋ ಜನಕ್ಕೆ ಮನಸಿನ ಕಾಯಿಲೆ ಅಂತ ವರ್ಷಗಟ್ಲೆ ಹೇಳಿರ್ತಾರೆ” ಅಂದರು ಡಾಕ್ಟರು. “ಹೂಂ, ನನಗೆ ಪ್ರಮೋಷನ್ ಸಿಕ್ಕಿತ್ತು, ದೇವಿ ಅಂದಿದ್ರು” ಅಂದೆ. ಅವರು ನಗಲಿಲ್ಲ, ಪೆನ್ನು ಕೆಳಗಿಟ್ಟರು.

ಇದೆಲ್ಲ ನಡೆಯುವಾಗ ನಿಮ್ಮಜ್ಜಿ ಬಾಗಿಲ ಬಳಿ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. “ನರಾನೂ ಇಲ್ಲ ಗಿರಾನೂ ಇಲ್ಲ. ಅಮ್ಮನ್ ತಾವ ಆಟಾನಾ?” ಎಂಬುದು ಅವರ ವಾದ. ಡಾಕ್ಟರು ಎದ್ದು ಹೋಗಿ, “ಬನ್ನಿ ಲಕ್ಷ್ಮಮ್ಮನವ್ರೇ, ನೀವೇ ನೋಡಿ” ಎಂದು ಕೈಹಿಡಿದು ಕರೆತಂದರು. ನನ್ನನ್ನು ಮಗ್ಗುಲಾಗಿ ಮಲಗಿಸಿ ಅಜ್ಜಿಯ ಅಂಗೈಯನ್ನು ನನ್ನ ಬೆನ್ನಿನ ಮೇಲೆ ಇಡಿಸಿದರು. “ವನಜಾ, ಒಂದ್ಸಲ ಮಾತ್ರ, ಆಗ್ಬಹುದಾ?” ಎಂದು ನನ್ನನ್ನು ಕೇಳಿದರು. ಆಗಲಿ ಅಂದೆ. ಬೆನ್ನು ಕೊಂಚ ಸಡಿಲವಾಗಲು ಬಿಟ್ಟು ಒಮ್ಮೆ ಚಪ್ಪಾಳೆ ತಟ್ಟಿದರು.

ಅಜ್ಜಿಯ ಅಂಗೈಯ ಕೆಳಗೇ ನನ್ನ ಬೆನ್ನು ಕಲ್ಲಾಯಿತು. ನಾನು ಹಲ್ಲು ಕಚ್ಚಿಕೊಂಡಿದ್ದೆ. ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು. ಅವರು ಕೈ ತೆಗೆಯಲಿಲ್ಲ. ಅದು ಸಡಿಲವಾಗುವವರೆಗೂ ಇಟ್ಟುಕೊಂಡೇ ಇದ್ದರು. ಆಮೇಲೆ ಡಾಕ್ಟರ ಮುಖ ನೋಡಿ ತುಂಬ ಸಣ್ಣ ದನಿಯಲ್ಲಿ ಕೇಳಿದರು: “ಅಂಗಾದ್ರೆ… ನಾವ್ ಜಾಗಟೆ ಒಡ್ದಾಗ್ಲೆಲ್ಲಾ ಇವ್ಳಿಗ್ ಇಂಗೇ ನೋವಾಯ್ತಿತ್ತಾ?” ಡಾಕ್ಟರು ಹೌದು ಅಂದರು. ಕಾರಿನಲ್ಲಿ ಬರುವಾಗ ಗೊರಗುಂಟೆಪಾಳ್ಯ ದಾಟುವವರೆಗೂ ಅಜ್ಜಿ ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ, “ಬಾಯ್ ಬಿಟ್ ಯೋಳ್ಬಾರ್ದಾಗಿತ್ತಾ ಮೂದೇವಿ?” ಎಂದು ನನಗೇ ಬೈದರು. ಬೈಗುಳ ಇಷ್ಟು ಸಿಹಿಯಾಗಿದ್ದದ್ದು ನಾನು ಕಂಡಿಲ್ಲ.

ಈಗ ಮನೆಯ ಕಾನೂನೇ ಬೇರೆ. ನಿಂಬೆಹಣ್ಣು ಹಿಡಿದು ಬಂದವರನ್ನು ಅಜ್ಜಿ ಗೇಟಿನಲ್ಲೇ ತಡೆಯುತ್ತಾರೆ: “ಅಮ್ಮ ರಜಾ ಮೇಲವ್ಳೆ. ಒಳಗಿರೋದು ಪೇಷೆಂಟು. ಮೆತ್ತಗ್ ಮಾತಾಡಿ, ಇಲ್ದಿದ್ರೆ ನಡೀರಿ.” ಕುಕ್ಕರಿನ ಸೀಟಿಗೆ ನಾನು ಬೆಚ್ಚಬಾರದೆಂದು ಮೊದಲೇ ಸೂಚನೆ ಕೊಡುತ್ತಾರೆ. “ವನಜಾ! ಕುಕ್ಕರ್ ಕೂಗ್ತದೆ ಈಗ!” ಎಂಬ ಅವರ ಕೂಗು ಸೀಟಿಗಿಂತ ಜೋರು. ಹೇಳಿದರೆ ಬೇಜಾರಾಗುತ್ತಾರೆಂದು ಸಹಿಸಿಕೊಂಡಿದ್ದೇನೆ.

ಮಾತ್ರೆ ಶುರುವಾಗಿದೆ. ಸ್ನಾಯು ಸಡಿಲಿಸುವುದೊಂದು, ಬೆಚ್ಚುವುದನ್ನು ತಗ್ಗಿಸುವುದೊಂದು. ಮೊದಲ ವಾರ ಮಂಕು ಕವಿದು ಸಾರಿಗೆ ಸಕ್ಕರೆ ಹಾಕಿದೆ; ನಿಮ್ಮಪ್ಪ ಚೆನ್ನಾಗಿದೆ ಎಂದು ಉಂಡರು. ವ್ಯಾಯಾಮ ಹೇಳಿಕೊಡಲು ಸತ್ಯವತಿ ಎನ್ನುವ ಫಿಸಿಯೋಥೆರಪಿಯ ಹುಡುಗಿ ಬರುತ್ತಾಳೆ. ಮೈಯನ್ನು ಜಗ್ಗುವುದಿಲ್ಲ, ಪುಸಲಾಯಿಸುತ್ತಾಳೆ. ಮೊನ್ನೆ ಬಗ್ಗಿ ಚಪ್ಪಲಿಯ ಪಟ್ಟಿ ನಾನೇ ಹಾಕಿಕೊಂಡೆ. ನಿನಗೆ ಇದು ಸುದ್ದಿಯಲ್ಲ. ನಮ್ಮ ಮನೆಯಲ್ಲಿ ಅವತ್ತು ಪಾಯಸ.

ಬೆಳಗ್ಗೆಗೊಂದು ಮಾತ್ರೆ, ರಾತ್ರಿಗೊಂದು ಮಾತ್ರೆ,
ಸದ್ಯಕ್ಕೆ ಸಾಗುತ್ತಿದೆ ವನಜಮ್ಮನ ಯಾತ್ರೆ.

ಸೋಮವಾರದಿಂದ ಐದು ದಿನ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಒಂದು ಔಷಧಿ ಏರಿಸುತ್ತಾರೆ. ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿದ, ಒಳ್ಳೆಯ ಕಾವಲುಪಡೆಯಂತೆ ಅದು. ನನ್ನ ಕೆಟ್ಟ ಪಡೆಗೆ ಬುದ್ಧಿ ಹೇಳುತ್ತದಂತೆ. ಅಜ್ಜಿ ಕೇಳಿ, “ಅಷ್ಟ್ ಜನಾನಾ? ಜಾತ್ರೇನೇ ಆಯ್ತಲ್ಲ ಒಳಗೆ!” ಅಂದರು. ಪೂರ್ತಿ ಗುಣವಾಗುತ್ತದೆ ಎಂದು ಡಾಕ್ಟರು ಹೇಳಲಿಲ್ಲ. ಸುಳ್ಳು ಹೇಳಲಾರೆ, ಆದರೆ ಎಷ್ಟೋ ಜನ ಇದರಿಂದ ಹಗುರಾಗಿದ್ದಾರೆ, ನಡೆದಿದ್ದಾರೆ, ಕೆಲಸಕ್ಕೂ ಹೋಗಿದ್ದಾರೆ ಅಂದರು. ನನಗೆ ಅಷ್ಟು ಸಾಕು. ನಾನು ಒಲಿಂಪಿಕ್ಸಿಗೇನೂ ಹೆಸರು ಕೊಟ್ಟಿಲ್ಲ. ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿ ನನಗೆ ಬೇಕಾದ ಬದನೆಕಾಯಿ ನಾನೇ ಆರಿಸಿಕೊಳ್ಳಬೇಕು. ಅದು ಆಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ.

ಹೀಗೆ, ಭಕ್ತಮಹಾಶಯರೇ, ದೇವಿಯ ಅಧಿಕಾರಾವಧಿಯಲ್ಲಿ ಸಹಕರಿಸಿದ ಸರ್ವರಿಗೂ ವಂದನೆಗಳನ್ನು ಅರ್ಪಿಸುತ್ತ,

ಆಗುತ್ತಿಲ್ಲ, ಕೃಪಾ. ನನಗೆ ಭಯವಾಗುತ್ತಿದೆ. ಸೂಜಿಗಲ್ಲ, ಆಸ್ಪತ್ರೆಗಲ್ಲ. ಆ ಹಾಸಿಗೆಯ ಮೇಲೆ ಮೈ ಸೆಟೆದು, ಎಲ್ಲ ಕೇಳುತ್ತ, ಒಂದು ಮಾತೂ ಆಡಲಾಗದೆ ಬಿದ್ದಿರುವಾಗ, ಇವಳು ಇದರೊಳಗೆ ಇದ್ದಾಳೆ ಎಂದು ತಿಳಿದವರು ಒಬ್ಬರು ಪಕ್ಕದಲ್ಲಿರಬೇಕು. ಅದು ನೀನಾಗಿರಬೇಕು. ಬೇರೆ ಯಾರೂ ಬೇಡ.

ನಿನ್ನ ಅಮ್ಮ
ವನಜಾ

ತಾಜಾ ಕಲಂ (ಭಾನುವಾರ): ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಅಜ್ಜಿಯೂ ನಾನೂ ವೈಟ್‌ಫೀಲ್ಡಿಗೇ ಬಂದುಬಿಟ್ಟೆವು. ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಕಂಬವಾದೆ. ಅಜ್ಜಿ ನನ್ನ ಮುಂದೆ ಎರಡೂ ಕೈ ಅಗಲಿಸಿ ನಿಂತು, ಜನ ಅತ್ತಿತ್ತ ಒಡೆದು ಹೋಗುವಂತೆ ಮಾಡಿದರು. ಈಗ ನಿಮ್ಮ ಪಿಜಿಯ ಎದುರು, ಎಳನೀರಿನವನ ಗಾಡಿಯ ಪಕ್ಕ ಕೂತು ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಕಾಗದವನ್ನು ಅಜ್ಜಿ ಮೇಲಕ್ಕೆ ತರುತ್ತಾರೆ, ಅವರನ್ನು ಬೈಯಬೇಡ. ಓದಿ ಮುಗಿಸು, ಅವಸರವಿಲ್ಲ. ಆಮೇಲೆ ಇಳಿದು ಬಾ. ಹಿಂದಿನಿಂದ ಬಂದು ಅಮ್ಮಾ ಎಂದು ಕೂಗಬೇಡ, ಓಡಿ ಬಂದು ತಬ್ಬಲೂಬೇಡ. ಎದುರಿನಿಂದ ಬಾ, ನಿಧಾನವಾಗಿ, ನೀನು ಬರುವುದು ನನಗೆ ಕಾಣುವ ಹಾಗೆ.